ಎರಡು ದಿನದ ಹಂಪಿ

ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆದೆರಿಚಿ 1567ರಲ್ಲಿ ವಿಜಯನಗರಕ್ಕೆ ಬಂದಾಗ ಅವನಿಗೆ ಅಲ್ಲಿದ್ದದ್ದು ಒಂದು ತಿಂಗಳ ಕೆಲಸ. ಉಳಿದದ್ದು ಏಳು ತಿಂಗಳು. ಊರಿನ ಮೋಹಕ್ಕೆ ಬಿದ್ದು ಉಳಿದವನಲ್ಲ ಅವನು. ರಕ್ಕಸತಂಗಡಿಯ ಕಾಳಗ ಮುಗಿದು ಎರಡು ವರ್ಷವಾಗಿತ್ತು. ಮನೆಗಳು ಇನ್ನೂ ನಿಂತಿವೆ, ಒಳಗೆ ಜನರಿಲ್ಲ, ಹುಲಿ ಮುಂತಾದ ಕಾಡುಪ್ರಾಣಿಗಳು ಸೇರಿಕೊಂಡಿವೆಯಂತೆ ಎಂದು ಅವನು ಬರೆದಿಟ್ಟ. ದಾರಿಯುದ್ದಕ್ಕೂ ಕಳ್ಳರ ಕಾಟ. ಹೊರಡುವ ಧೈರ್ಯವಾಗದೆ ಹಾಳೂರಿನಲ್ಲಿ ದಿನ ಎಣಿಸುತ್ತ ಕೂತ.

ಅವನಿಗಿಂತ ಸುಮಾರು ನೂರಿಪ್ಪತ್ತು ವರ್ಷ ಮೊದಲು, ಇಮ್ಮಡಿ ದೇವರಾಯನ ಕಾಲದಲ್ಲಿ, ಹೆರಾತಿನಿಂದ ರಾಯಭಾರಿಯಾಗಿ ಬಂದಿದ್ದ ಅಬ್ದುಲ್ ರಜಾಕ್ ಕೂಡ 1443ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಇಲ್ಲೇ ಇದ್ದ. ಕುದುರೆ ವ್ಯಾಪಾರಿಯಿರಬೇಕೆಂದು ನಂಬಲಾಗಿರುವ ಪೋರ್ಚುಗೀಸ್ ಫೆರ್ನಾವೊ ನೂನಿಜ್ ಇದ್ದದ್ದು ಮೂರು ವರ್ಷ. ಕೃಷ್ಣದೇವರಾಯನನ್ನು ಕಣ್ಣಾರೆ ಕಂಡ ಡೊಮಿಂಗೊ ಪಾಯೆಸ್ ಊರಿನ ಅಳತೆ ತಿಳಿಯಲು ಗುಡ್ಡ ಹತ್ತಿದ. ಅಲ್ಲಿಂದಲೂ ಪೂರ್ತಿ ಕಾಣಲಿಲ್ಲ, ಬೆಟ್ಟಸಾಲುಗಳು ಅಡ್ಡ ಬಂದವು. ಕಂಡಷ್ಟಕ್ಕೇ ಇದು ರೋಮ್‌ನಷ್ಟು ದೊಡ್ಡದು ಎಂಬ ತೀರ್ಮಾನಕ್ಕೆ ಬಂದ.

ಇಂದು ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟವರಿಗೆ ಸಿಗುವುದು ಒಂದು ಪೂರ್ತಿ ಶನಿವಾರ, ಅರ್ಧ ಭಾನುವಾರ. ಯುನೆಸ್ಕೊ ಲೆಕ್ಕದಲ್ಲಿ ಉಳಿದಿರುವ ಅವಶೇಷಗಳು 1600ಕ್ಕೂ ಹೆಚ್ಚು; ಹರಡಿರುವ ಜಾಗ ನಲವತ್ತು ಚದರ ಕಿಲೋಮೀಟರಿಗೂ ಮಿಗಿಲು. ಆದರೂ ಎಲ್ಲರೂ ನೋಡಿ ಬರುವುದು ಹೆಚ್ಚುಕಡಿಮೆ ಅದೇ ಹತ್ತು ಹದಿನೈದು ಜಾಗ. ವಿರೂಪಾಕ್ಷ, ಸಾಸಿವೆಕಾಳು ಗಣಪ, ಉಗ್ರನರಸಿಂಹ, ಹಜಾರರಾಮ, ಮಹಾನವಮಿ ದಿಬ್ಬ, ಕಮಲ ಮಹಲ್, ಗಜಶಾಲೆ, ರಾಣಿ ಸ್ನಾನಗೃಹ, ಕಲ್ಲಿನ ರಥ. ಆಟೋದವರಿಗೆ ಈ ಪಟ್ಟಿ ಬಾಯಿಪಾಠ, ಗೈಡ್‌ಗಳಿಗೂ ಅಷ್ಟೇ. ಇದನ್ನು ಯಾರೋ ಒಬ್ಬರು ಕೂತು ಮಾಡಿದ್ದಲ್ಲ. ಇನ್ನೂರು ವರ್ಷಗಳಿಂದ ಇಲ್ಲಿಗೆ ಬಂದವರ ರಜೆ ಎಷ್ಟಿತ್ತು, ಉಳಿದದ್ದು ಎಲ್ಲಿ, ಓಡಾಡಿದ್ದು ಯಾವುದರಲ್ಲಿ ಎಂಬುದೇ ಈ ಪಟ್ಟಿಯನ್ನು ರೂಪಿಸಿತು. ಹಂಪಿಯ ಕಲ್ಲುಗಳ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಹಂಪಿಗೆ ಹೋಗಿಬರುವುದಕ್ಕೂ ಒಂದು ಚರಿತ್ರೆಯಿದೆ.

ಇಲ್ಲಿಗೆ ಎರಡು ದಿನದ ಮಟ್ಟಿಗೆ ಬಂದು ಹೋಗುವುದನ್ನು ಬೆಂಗಳೂರಿನವರು ಕಲಿಸಬೇಕಾಗಿರಲಿಲ್ಲ. 1565ರ ನಂತರ ಅರಮನೆಗಳು ಹಾಳುಬಿದ್ದರೂ ಪಂಪಾಪತಿ ವಿರೂಪಾಕ್ಷನ ಪೂಜೆ ನಡೆದುಕೊಂಡೇ ಬಂತು. ಚೈತ್ರದ ತೇರಿಗೆ, ಡಿಸೆಂಬರ್ ಹೊತ್ತಿನ ಫಲಪೂಜೆಗೆ ಸುತ್ತಲ ಸೀಮೆಯ ಒಕ್ಕಲು ಮಕ್ಕಳು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಹೊಳೆಯಲ್ಲಿ ಸ್ನಾನ, ದೇವರ ದರ್ಶನ, ಬಜಾರಿನ ಸಾಲುಮಂಟಪಗಳಲ್ಲಿ ಮೂರು ಕಲ್ಲು ಹೂಡಿ ಅಡುಗೆ, ಅಲ್ಲೇ ನಿದ್ದೆ. ತೇರು ಎಳೆದ ಮರುದಿನ ಊರ ದಾರಿ. ಅವರ ಪಟ್ಟಿಯೇ ಬೇರೆ. ವಿರೂಪಾಕ್ಷ, ಪಂಪಾಂಬಿಕೆ, ಭುವನೇಶ್ವರಿ, ಹೊಳೆದಂಡೆಯ ಕೋದಂಡರಾಮ, ವ್ಯಾಸರಾಯರು ಪ್ರತಿಷ್ಠಾಪಿಸಿದ ಯಂತ್ರೋದ್ಧಾರಕ ಹನುಮಪ್ಪ. ಪೂಜೆಯಿಲ್ಲದ ವಿಠ್ಠಲನ ಗುಡಿಯತ್ತ ಹೋಗಲು ಅವರಿಗೆ ಕಾರಣವಿರಲಿಲ್ಲ. ಗಜಶಾಲೆ ಕಟ್ಟಿಕೊಂಡು ಏನಾಗಬೇಕಿತ್ತು?

ಪೂಜೆಯಿಲ್ಲದ ಕಲ್ಲುಗಳನ್ನೂ ನೋಡಬೇಕೆಂದು ಬಂದವರು ಸಾಹೇಬರು. ಟಿಪ್ಪು ಮಡಿದ ವರ್ಷವೇ, 1799ರಲ್ಲಿ, ಸರ್ವೆಯ ಕಾಲಿನ್ ಮೆಕೆಂಜಿ ಹಂಪಿಗೆ ಬಂದು ನಕ್ಷೆ ಮಾಡಿಸಿದ. ಮರುವರ್ಷ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ಮುಂದೆ ಬಳ್ಳಾರಿಯ ಕಲೆಕ್ಟರುಗಳಿಗೆ, ಅಲ್ಲಿನ ದಂಡಿನ ಅಧಿಕಾರಿಗಳಿಗೆ ಹಂಪಿ ಎಂದರೆ ಕುದುರೆ ಏರಿ ಹೋಗಿಬರಬಹುದಾದ ಊರಾಯಿತು. ತಂಗಲು ಕಮಲಾಪುರದಲ್ಲಿ ವ್ಯವಸ್ಥೆಯಿತ್ತು. ಅದೂ ಎಂಥದ್ದು! ಹಳೆಯ ಶಿವಾಲಯವೊಂದನ್ನೇ ಗೋಡೆ ಕಟ್ಟಿ, ಬಾಗಿಲು ಇಟ್ಟು ಬಂಗಲೆ ಮಾಡಿಕೊಂಡಿದ್ದರು. ಕಂಬಗಳ ನಡುವೆ ಮಂಚ ಹಾಕಿ ಮಲಗಿದವರಿಗೆ ತಾವು ನೋಡಲು ಬಂದದ್ದರ ಒಳಗೇ ಇದ್ದೇವೆ ಅನ್ನಿಸಿತೋ ಇಲ್ಲವೋ.

ಈ ಬಂಗಲೆ ಹಂಪಿಯ ಪ್ರವಾಸದ ಮೂಲಸ್ಥಾನ. ಕಮಲಾಪುರದಿಂದ ವಿರೂಪಾಕ್ಷದತ್ತ ಹೊರಟರೆ ಮೊದಲು ರಾಣಿ ಸ್ನಾನಗೃಹ, ಆಮೇಲೆ ದಿಬ್ಬ, ಹಜಾರರಾಮ, ಕಮಲ ಮಹಲ್, ಗಜಶಾಲೆ, ಮುಂದೆ ನರಸಿಂಹ, ಬಡವಿಲಿಂಗ, ಕೃಷ್ಣನ ಗುಡಿ, ಗಣಪತಿ, ಕೊನೆಗೆ ಬಜಾರು ಸಿಗುತ್ತವೆ. ಬೆಳಗಿನ ತಂಪಿನಲ್ಲಿ ಅರ್ಧ, ಸಂಜೆ ಅರ್ಧ. ಬಳ್ಳಾರಿಯ ಬಿಸಿಲಿನಲ್ಲಿ ನಡುಹಗಲು ಯಾರೂ ತಿರುಗುವುದಿಲ್ಲ. ಇಂದು ಆಟೋದವರು ಹೇಳುವ ಸರತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ, ಕೆಲವರು ತಿರುಗುಮುರುಗಾಗಿ ಹೋಗುತ್ತಾರೆ ಅಷ್ಟೆ.

ಹೆಸರುಗಳ ಕತೆಯೂ ಇದಕ್ಕೇ ಹೊಂದಿಕೊಂಡದ್ದು. ಅರ್ಧ ದಿನದಲ್ಲಿ ನೋಡಿ ಮುಗಿಸುವವನಿಗೆ ಇದು ಏನು ಎಂಬುದಕ್ಕೆ ಒಂದೇ ಮಾತಿನ ಉತ್ತರ ಬೇಕು. ರಾಣಿ ಸ್ನಾನಗೃಹ ರಾಣಿವಾಸ ಎನ್ನುವ ಆವರಣದಿಂದ ಸಾಕಷ್ಟು ದೂರದಲ್ಲಿದೆ. ಅಲ್ಲಿ ರಾಣಿಯರೇ ಮೀಯುತ್ತಿದ್ದರೆಂಬುದಕ್ಕೆ ಶಾಸನವಿಲ್ಲ. ಕಮಲ ಮಹಲನ್ನು ಹದಿನೆಂಟನೆಯ ಶತಮಾನದ ನಕ್ಷೆಯೊಂದು ರಾಜನ ಮಂತ್ರಾಲೋಚನೆಯ ಸಭಾಗೃಹವೆಂದು ಗುರುತಿಸಿದೆ. ಆ ಆವರಣಕ್ಕೆ ರಾಣಿವಾಸ ಎಂದು ಹೆಸರು ಬಿದ್ದ ಮೇಲೆ ಮಂತ್ರಿಗಳು ಹೊರಗೆ ಹೋದರು, ರಾಣಿಯರು ಒಳಗೆ ಬಂದರು. ಗೈಡ್‌ಗಳು ಇವತ್ತಿಗೂ ಅವರನ್ನು ಹೊರಗೆ ಬಿಟ್ಟಿಲ್ಲ.

ಹೀಗೆ ಬಂದವರ ನಡುವೆ ನಿಧಾನಸ್ಥರೂ ಇದ್ದರು. ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ದೊಡ್ಡ ಕ್ಯಾಮೆರಾ ಹೊರಿಸಿಕೊಂಡು ಬಂದು, ಮೇಣ ಸವರಿದ ಕಾಗದದ ಮೇಲೆ ಹಂಪಿಯ ಚಿತ್ರಗಳನ್ನು ಹಿಡಿದ. ಬೆಳಕು ಕಾಗದಕ್ಕೆ ಇಳಿಯುವವರೆಗೆ ಕಾಯಬೇಕು. ಅವಸರಕ್ಕೆ ಅಲ್ಲಿ ಜಾಗವೇ ಇಲ್ಲ. ಆ ನೆಗೆಟಿವ್‌ಗಳು ಬಹುಕಾಲ ಕಣ್ಮರೆಯಾಗಿದ್ದು 1980ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕವು. ಅವುಗಳಲ್ಲೊಂದು ವಿಠ್ಠಲನ ಗುಡಿಯ ಅಂಗಳದ್ದು. ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ನಿಂತಿದೆ! ಮುಂದೆ ಯಾವಾಗಲೋ ಅದನ್ನು ಇಳಿಸಿದರು. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಮೇಲಿರುವುದು, 2008ರಲ್ಲಿ ಓಡತೊಡಗಿದ ಐಷಾರಾಮಿ ರೈಲು ‘ಗೋಲ್ಡನ್ ಚಾರಿಯಟ್’ಗೆ ಹೆಸರು ಕೊಟ್ಟಿದ್ದು, ಪ್ರತಿ ಶನಿವಾರ ಸಾವಿರಾರು ಫೋನುಗಳು ಸೆರೆಹಿಡಿಯುವುದು ಎಲ್ಲವೂ ಶಿಖರ ಕಳೆದುಕೊಂಡ ರಥವೇ. ಈಗ ಯಾರಾದರೂ ಶಿಖರವನ್ನು ಮತ್ತೆ ಕಟ್ಟಿದರೆ ಜನ ಅದನ್ನೇ ಅನ್ಯಾಯ ಎನ್ನಬಹುದು.

ಇನ್ನು ರೈಲಿನ ಮಾತು. ಇಂಗ್ಲೆಂಡಿನಲ್ಲಿ ಥಾಮಸ್ ಕುಕ್ ಎಂಬಾತ 1841ರಲ್ಲಿ ಒಂದು ಶಿಲಿಂಗ್ ಪಡೆದು ಜನರನ್ನು ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದೊಯ್ದು ಅದೇ ದಿನ ವಾಪಸು ತಂದ. 1871ರ ಕಾನೂನು ಅಲ್ಲಿ ಬ್ಯಾಂಕುಗಳಿಗೆ ರಜಾದಿನಗಳನ್ನು ಗೊತ್ತು ಮಾಡಿತು. ರೈಲು, ರಜೆ ಎರಡೂ ಕೂಡಿದಲ್ಲಿ ಎರಡು ದಿನದ ಪ್ರವಾಸ ಹುಟ್ಟುತ್ತದೆ. ಹೊಸಪೇಟೆಗೆ ರೈಲು ಬಂದ ಕಾರಣ ಮಾತ್ರ ಬೇರೆ. 1876ರಿಂದ 78ರವರೆಗಿನ ಬರದಲ್ಲಿ ಬಳ್ಳಾರಿ ಸೀಮೆ ಹೆಣಗಳ ಹಾಸಾಗಿತ್ತು. ಇನ್ನೊಮ್ಮೆ ಬರ ಬಂದರೆ ಕಾಳು ಸಾಗಿಸಲು ದಾರಿಯಿರಲಿ ಎಂಬ ಲೆಕ್ಕದಲ್ಲಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಅದೇ ದಶಕದಲ್ಲಿ ಬಳ್ಳಾರಿ, ಹೊಸಪೇಟೆ, ಗದಗ ಒಂದೇ ಹಳಿಗೆ ಸೇರಿದವು. ಹಸಿದವರಿಗೆಂದು ಹಾಕಿದ ಹಳಿಯ ಮೇಲೆ ರಜೆಯವರು ಬಂದರು.

ಬರುವವರ ಕೈಗೆ ಪುಸ್ತಕವೂ ಬಂತು. ಮದ್ರಾಸ್ ಸಿವಿಲ್ ಸರ್ವಿಸಿನ ರಾಬರ್ಟ್ ಸಿವೆಲ್ 1900ರಲ್ಲಿ ಪಾಯೆಸ್, ನೂನಿಜ್‌ರ ಬರಹಗಳನ್ನು ಇಂಗ್ಲಿಷಿಗೆ ತಂದು ‘ಎ ಫರ್ಗಾಟನ್ ಎಂಪೈರ್’ ಪ್ರಕಟಿಸಿದ. ಅದನ್ನು ಓದಿದವರಿಗೆ ದಿಬ್ಬದ ಮೇಲೆ ಮಹಾನವಮಿ ನಡೆಯತೊಡಗಿತು, ಬಜಾರಿನಲ್ಲಿ ಮುತ್ತು ರತ್ನ ಕಾಣತೊಡಗಿದವು. ಧಾರವಾಡದ ತರುಣ ವಕೀಲ ಆಲೂರು ವೆಂಕಟರಾಯರು 1905ರಲ್ಲಿ ಹಂಪಿ ನೋಡಲು ಬಂದರು. ಅವರ ಬದುಕಿನ ದಾರಿಯನ್ನೇ ತಿರುಗಿಸಿದ ಭೇಟಿ ಅದು. ‘ಕರ್ನಾಟಕ ಗತವೈಭವ’ 1917ರಲ್ಲಿ ಅಚ್ಚಾಯಿತು. ಅದೇ 1917ರಲ್ಲಿ ಪುರಾತತ್ವ ಇಲಾಖೆಯ ಎ.ಎಚ್. ಲಾಂಗ್‌ಹರ್ಸ್ಟ್ ಬರೆದ ‘ಹಂಪಿ ರೂಯಿನ್ಸ್’ ಮದ್ರಾಸ್ ಸರ್ಕಾರದ ಮುದ್ರಣಾಲಯದಿಂದ ಹೊರಬಂತು. ಇದ್ದ ಕಲ್ಲು ಒಂದೇ. ಒಂದು ಪುಸ್ತಕ ಯಾವ ಕಟ್ಟಡ ಎಲ್ಲಿದೆ, ಏನನ್ನು ನೋಡಬೇಕು ಎಂದು ತಿಳಿಸಿತು. ಇನ್ನೊಂದು, ನೋಡಿದವನು ಯಾಕೆ ಸುಮ್ಮನಿರಬಾರದು ಎಂದು ಕೇಳಿತು. ಲಾಂಗ್‌ಹರ್ಸ್ಟ್ ಪುಸ್ತಕ ಮತ್ತೆ ಮತ್ತೆ ಅಚ್ಚಾಗಿ ಎಷ್ಟೋ ವರ್ಷ ಪ್ರವಾಸಿಗರ ಕಂಕುಳಲ್ಲಿ ಓಡಾಡಿತು. ಆಲೂರರ ಪುಸ್ತಕ ಓದಿದವರು ಬೇರೆ ತರಹದ ಪ್ರವಾಸಿಗಳಾದರು. ಮುಂಬೈ, ಮದ್ರಾಸು, ಹೈದರಾಬಾದು, ಮೈಸೂರು ಎಂದು ಹಂಚಿಹೋಗಿದ್ದ ಕನ್ನಡಿಗರಿಗೆ ಯಾರ ಜಹಗೀರಿಯೂ ಅಲ್ಲದ ಒಂದು ರಾಜಧಾನಿ ಬೇಕಿತ್ತು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷವನ್ನು ಅವರು ಉತ್ಸವವಾಗಿ ಆಚರಿಸಿದರು. 1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಮುಪ್ಪಿನ ಆಲೂರರು ಹೋದದ್ದು ಹಂಪಿಗೆ, ಭುವನೇಶ್ವರಿಯ ಪೂಜೆಗೆ.

ಆ ದಿನಗಳ ಹರಿದ ನಕ್ಷೆ ಹಂಪಿಯ ಪಟ್ಟಿಯಲ್ಲೂ ಗಾಯ ಉಳಿಸಿದೆ. ಹೊಳೆಯ ಈಚೆ ಹಂಪಿ ಮದ್ರಾಸ್ ಪ್ರಾಂತದ್ದು; ಆಚೆ ಆನೆಗುಂದಿ ನಿಜಾಮನ ಸೀಮೆಯದ್ದು. ವಿಜಯನಗರದ ಬೇರು ಇರುವುದೇ ಆನೆಗುಂದಿಯಲ್ಲಿ, ಆದರೆ ಕಮಲಾಪುರದ ಬಂಗಲೆಯಲ್ಲಿ ಇಳಿದವನಿಗೆ ಅದು ಇನ್ನೊಬ್ಬರ ರಾಜ್ಯ. ದಾಟಲು ಇದ್ದದ್ದು ಹರಿಗೋಲು. ಬುಟ್ಟಿಯಂತೆ ದುಂಡಗೆ, ಹದಿನೈದಿಪ್ಪತ್ತು ಜನ ಹಿಡಿಸುವಂಥದ್ದು ಎಂದು ಪಾಯೆಸ್ ಹೇಳಿದ್ದ ಅದೇ ದೋಣಿ. ಇಂಥ ತಾಪತ್ರಯ ಯಾರಿಗೆ ಬೇಕು ಎಂದು ಲೆಕ್ಕಹಾಕಿದವರು ಆನೆಗುಂದಿಯನ್ನು ಬಿಟ್ಟರು. ಬಳ್ಳಾರಿ ಜಿಲ್ಲೆ 1953ರಲ್ಲಿ ಮೈಸೂರಿಗೆ ಸೇರಿತು, 1956ರಲ್ಲಿ ಹೊಳೆಯ ಎರಡು ದಡವೂ ಒಂದೇ ರಾಜ್ಯವಾದವು. ಆದರೂ ಇವತ್ತಿಗೂ ಹಂಪಿ ವಿಜಯನಗರ ಜಿಲ್ಲೆಯಲ್ಲಿ, ಆನೆಗುಂದಿ ಕೊಪ್ಪಳ ಜಿಲ್ಲೆಯಲ್ಲಿ. ಎರಡು ದಡಕ್ಕೂ ಸೇತುವೆ ಹಾಕುವ ಕೆಲಸ ಹಿಡಿದಾಗ ಏನಾಯಿತೆಂಬುದು ಮುಂದೆ ಬರುತ್ತದೆ.

1953ರಲ್ಲೇ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಹಂಪಿಯ ಪ್ರವಾಸವನ್ನು ಅದು ಬದಲಾಯಿಸಿದಷ್ಟು ಯಾವ ಪುಸ್ತಕವೂ ಬದಲಾಯಿಸಲಿಲ್ಲ. ಹಳೆಯ ರಾಜಧಾನಿ, ಹೊಸ ಅಣೆಕಟ್ಟು ಎರಡೂ ಒಂದೇ ದಿನದಲ್ಲಿ ಸಿಗುವ ಜಾಗ ನಾಡಿನಲ್ಲಿ ಮತ್ತೆಲ್ಲಿದೆ? ಶಾಲೆಗಳ ಶೈಕ್ಷಣಿಕ ಪ್ರವಾಸಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ್ದು ಸಿಗದು. ಡಿಸೆಂಬರ್ ಬಂತೆಂದರೆ ಕೆಂಪು ಬಸ್ಸುಗಳ ಸಾಲು. ರಾತ್ರಿ ಯಾವುದೋ ಶಾಲೆಯ ಅಥವಾ ಛತ್ರದ ಜಗಲಿಯಲ್ಲಿ ಜಮಖಾನೆ, ಬೆಳಗ್ಗೆ ಬಜಾರಿನ ಬಳಿ ಉಪ್ಪಿಟ್ಟು, ಬಿಸಿಲೇರುವ ಮೊದಲೇ ವಿರೂಪಾಕ್ಷನ ಗುಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಬೀಳುವುದನ್ನು ನೋಡುವ ನೂಕುನುಗ್ಗಲು. ಆಮೇಲೆ ‘ಸಾಲಾಗಿ ಬನ್ನಿ’ ಎನ್ನುವ ಮೇಷ್ಟ್ರ ಗಂಟಲು. ಸಂಜೆಗೆ ಡ್ಯಾಮಿನ ತೋಟ, ಹಾಡಿಗೆ ಕುಣಿಯುವ ಕಾರಂಜಿ. ಮಕ್ಕಳು ಮನೆಗೆ ಹೋಗಿ ಮೊದಲು ಹೇಳುವುದು ಕಾರಂಜಿಯ ಸಂಗತಿಯನ್ನೇ. ಕನ್ನಡನಾಡಿನ ಬಹುಪಾಲು ಜನ ಹಂಪಿಯನ್ನು ಮೊದಲು ಕಂಡದ್ದು ಹೀಗೆ. ದೊಡ್ಡವರಾದ ಮೇಲೆ ವಾರಾಂತ್ಯಕ್ಕೆ ಮತ್ತೆ ಬಂದಾಗಲೂ ಹುಡುಕುವುದು ಆ ಜಾಗಗಳನ್ನೇ.

ರಾಜ್ಯ ಪ್ರವಾಸೋದ್ಯಮ ನಿಗಮ 1971ರಲ್ಲಿ ಹುಟ್ಟಿತು. ಕಮಲಾಪುರದಲ್ಲಿ ಅದರ ಹೋಟೆಲು ಮಯೂರ ಭುವನೇಶ್ವರಿ. ಬಂಗಲೆಯ ಊರಿನಲ್ಲೇ ಮತ್ತೆ ಬಿಡಾರ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಮಂತ್ರಾಲಯ, ಟಿ.ಬಿ. ಡ್ಯಾಂ, ಹಂಪಿ ಮುಗಿಸಿ ಭಾನುವಾರ ರಾತ್ರಿ ಮನೆ ಸೇರಿಸುವ ಅದರ ಬಸ್ಸಿನಲ್ಲಿ ರಾಯರು, ಅಣೆಕಟ್ಟು, ಸಾಮ್ರಾಜ್ಯ ಮೂರಕ್ಕೂ ಸಮಪಾಲು. ಮನೆಯಲ್ಲಿ ಅಜ್ಜಿಗೆ ಮಂತ್ರಾಲಯ, ಮಕ್ಕಳಿಗೆ ಡ್ಯಾಮು, ಅಪ್ಪನಿಗೆ ಹಂಪಿ. ಜಗಳವಿಲ್ಲದ ಪ್ರವಾಸ.

ಶನಿವಾರದ ರಜೆ ಮಾತ್ರ ತಡವಾಗಿ ಬಂತು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ವಾರಕ್ಕೆ ಐದೇ ದಿನದ ಕೆಲಸ ಆರಂಭವಾದದ್ದು 1985ರ ಜೂನ್‌ನಲ್ಲಿ. ಅದೇ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಕಾಲಿಟ್ಟಿತು. ಅದರ ಬೆನ್ನಿಗೆ ಬಂದ ಕಂಪನಿಗಳು ಶನಿವಾರ, ಭಾನುವಾರ ಎರಡೂ ರಜೆಯಿರುವ ಒಂದು ಹೊಸ ವರ್ಗವನ್ನೇ ಬೆಳೆಸಿದವು. ಮರುವರ್ಷ, 1986ರಲ್ಲಿ, ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬ್ಯಾಂಕಿನವರಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಸಿಕ್ಕಿದ್ದು 2015ರಲ್ಲಿ, ರಾಜ್ಯ ಸರ್ಕಾರಿ ನೌಕರರಿಗೆ ನಾಲ್ಕನೆಯ ಶನಿವಾರ 2019ರಲ್ಲಿ. ಈ ದಿನಾಂಕಗಳನ್ನು ಪುರಾತತ್ವದವರು ಬರೆದಿಡುವುದಿಲ್ಲ. ಆದರೆ ಹೊಸಪೇಟೆಯ ಹೋಟೆಲಿನವರನ್ನು ಕೇಳಿದರೆ ಯಾವ ಶನಿವಾರ ಕೋಣೆ ಖಾಲಿ ಇರುವುದಿಲ್ಲ ಎಂದು ಕ್ಯಾಲೆಂಡರ್ ನೋಡದೆ ಹೇಳಿಯಾರು.

ಇದೇ ಹೊತ್ತಿಗೆ ಅವಸರವೇ ಇಲ್ಲದ ಇನ್ನೊಂದು ಜಾತಿಯವರೂ ಬಂದರು. ಗೋವೆಯ ಕಡಲಿನಿಂದ ಇತ್ತ ಬಂದ ವಿದೇಶಿ ತರುಣರು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿದರು. ಬಜಾರಿನ ಮಂಟಪಗಳಲ್ಲಿ ಬೀಡುಬಿಟ್ಟಿದ್ದ ಕುಟುಂಬಗಳು ಅವರಿಗೆ ಕೋಣೆ, ಊಟ, ಬಾಡಿಗೆ ಸೈಕಲ್ಲು ಒದಗಿಸಿದವು. ಹೊಳೆಯಾಚೆ ವಿರೂಪಾಪುರ ಗಡ್ಡೆಯಲ್ಲಿ ಗುಡಿಸಲು ಹೋಟೆಲುಗಳೆದ್ದವು. ಅಮೆರಿಕದ ಬಂಡೆ ಏರುವ ಕ್ರಿಸ್ ಶರ್ಮಾ 2003ರ ‘ಪಿಲ್ಗ್ರಿಮೇಜ್’ ಎಂಬ ಚಿತ್ರದಲ್ಲಿ ಇಲ್ಲಿನ ಗುಂಡುಗಳನ್ನು ಜಗತ್ತಿಗೆ ತೋರಿಸಿದ ಮೇಲಂತೂ ಗುಡಿಗೆ ಬೆನ್ನು ಹಾಕಿ ಬರಿ ಗುಂಡು ಹತ್ತಲು ಬರುವವರು ಹೆಚ್ಚಿದರು. ವಿಚಿತ್ರವೆಂದರೆ ರಜಾಕ್, ನೂನಿಜ್‌ರಂತೆ ಇಲ್ಲಿ ಕಾಲ ಕಳೆದವರು ಇವರೇ. ಜೊತೆಗೆ ಪಂಡಿತರು. 1980ರಿಂದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಚಳಿಗಾಲ ಬಂದಾಗಲೆಲ್ಲ ಹಂಪಿಯಲ್ಲಿ ಡೇರೆ ಹಾಕಿ, ಇಡೀ ಬಯಲನ್ನು ಚೌಕಗಳಾಗಿ ಭಾಗಿಸಿ, ಕಂಡ ಗೋಡೆ ಗುಡಿಗಳನ್ನೆಲ್ಲ ಅಳೆದರು. ರಾಣಿ, ಆನೆ ಎಂಬ ಹೆಸರುಗಳ ಗೊಡವೆಗೆ ಹೋಗದೆ ಅಕ್ಷರ ಮತ್ತು ಅಂಕಿಗಳಿಂದ ಗುರುತಿಸಿದರು. ಕಮಲಾಪುರದ ಬಳಿ 1991ರಲ್ಲಿ ಕನ್ನಡ ವಿಶ್ವವಿದ್ಯಾಲಯ ಬಂದ ಮೇಲೆ ವರ್ಷವಿಡೀ ಇಲ್ಲೇ ಇದ್ದು ಹಂಪಿಯನ್ನು ಓದುವ ಕನ್ನಡ ವಿದ್ವಾಂಸರ ಪಡೆಯೂ ಸೇರಿತು.

ಪಟ್ಟಿಗೆ ಹೊಸದು ಸೇರುವುದೂ ಉಂಟು. ಮಹಾನವಮಿ ದಿಬ್ಬದ ಬಳಿ ಕಪ್ಪು ಕಲ್ಲಿನ ಮೆಟ್ಟಿಲುಗಳ ಪುಷ್ಕರಣಿಯಿದೆ. ಕಲ್ಲಿನ ರಥ ಬಿಟ್ಟರೆ ಹಂಪಿಯಲ್ಲಿ ಇಷ್ಟು ಫೋಟೋ ತೆಗೆಸಿಕೊಂಡದ್ದು ಮತ್ತೊಂದಿಲ್ಲ ಎನ್ನಬೇಕು. ಅದನ್ನು ಸಿವೆಲ್ ನೋಡಿರಲಿಲ್ಲ, ಆಲೂರರು ನೋಡಿರಲಿಲ್ಲ, ಲಾಂಗ್‌ಹರ್ಸ್ಟ್ ಅದರ ಮೇಲೆಯೇ ನಡೆದಾಡಿದ್ದರೂ ನೋಡಿರಲಾರ; ಉತ್ಖನನದಲ್ಲಿ ಅದು ಮಣ್ಣಿನಿಂದ ಮೇಲೆದ್ದದ್ದು 1980ರ ದಶಕದಲ್ಲಿ. ಕೃಷ್ಣನ ಗುಡಿಯಲ್ಲಿ ಇದಕ್ಕೆ ತದ್ವಿರುದ್ಧ. ಉದಯಗಿರಿಯಿಂದ ಕೃಷ್ಣದೇವರಾಯ ತಂದು ಪ್ರತಿಷ್ಠಾಪಿಸಿದ ಬಾಲಕೃಷ್ಣ ಈಗ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದ್ದಾನೆ. ಹಂಪಿ ಮದ್ರಾಸಿನದಾಗಿದ್ದ ಕಾಲದ ಇನ್ನೊಂದು ಗುರುತು ಅದು.

ಜನ ಹೆಚ್ಚಿದ ಮೇಲೆ ಪೆಟ್ಟೂ ಬಿತ್ತು. ತಳವಾರಘಟ್ಟದ ಬಳಿ ಆನೆಗುಂದಿಗೆ ವಾಹನಗಳ ಸೇತುವೆ, ವಿರೂಪಾಪುರ ಗಡ್ಡೆಗೆ ಕಾಲುಸೇತುವೆ ಎದ್ದು ನಿಲ್ಲತೊಡಗಿದಾಗ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣವೆಂದು ಘೋಷಿಸಿತು. 2002ರಲ್ಲಿ ಕಾನೂನು ಮಾಡಿ ನಿರ್ವಹಣಾ ಪ್ರಾಧಿಕಾರ ಹುಟ್ಟುಹಾಕಿದ್ದು ಇದರ ಫಲ. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಆನೆಗುಂದಿಯ ಸೇತುವೆ 2009ರ ಜನವರಿಯಲ್ಲಿ ಕಟ್ಟುತ್ತಿದ್ದಂತೆಯೇ ಕುಸಿದು ಕೆಲಸಗಾರರು ಸತ್ತರು. 2011ರ ಜುಲೈ ಕೊನೆಯಲ್ಲಿ ಬಜಾರಿನ ಮಂಟಪಗಳಿಗೆ ಅಂಟಿಕೊಂಡಿದ್ದ ಮನೆ, ಅಂಗಡಿ, ಹೋಟೆಲುಗಳನ್ನು ಜೆಸಿಬಿ ಕೆಡವಿತು. ನೂರಾರು ಕುಟುಂಬಗಳು ಬೀದಿಗೆ ಬಂದವು. ಕಾನೂನಿನ ಪ್ರಕಾರ ಅವರು ಒತ್ತುವರಿದಾರರು. ಆದರೆ ಬಂದವರಿಗೆ ಈ ಮಂಟಪಗಳಲ್ಲೇ ಅನ್ನ, ಜಾಗ ಸಿಗುತ್ತಿದ್ದದ್ದು ಜಾತ್ರೆಯ ಗಾಡಿಗಳ ಕಾಲದ ರೂಢಿ. ಅದು ಅಂದು ಮುಗಿಯಿತು. ಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ 2020ರಲ್ಲಿ ನೆಲಸಮವಾದವು. ಹೀಗೆ ತಿಂಗಳುಗಟ್ಟಲೆ ಉಳಿಯುವವರ ಹಂಪಿ ಕರಗಿತು. ಎರಡು ದಿನದವರ ಹಂಪಿ ಉಳಿಯಿತು, ರಾತ್ರಿ ಹೊಸಪೇಟೆಯಲ್ಲಿ ಮಲಗಿ ಬೆಳಗ್ಗೆ ಬರುವವರದ್ದು.

2019 ಒಂದು ತಮಾಷೆಯ ವರ್ಷ. ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ವರ್ಷ ನೋಡಬೇಕಾದ 52 ತಾಣಗಳಲ್ಲಿ ಹಂಪಿಗೆ ಎರಡನೆಯ ಸ್ಥಾನ ಕೊಟ್ಟಿತು. ಫೆಬ್ರವರಿ ಹೊತ್ತಿಗೆ, ತರುಣರು ಹಂಪಿಯ ಕಂಬವೊಂದನ್ನು ನೂಕಿ ಕೆಡವುವ ವಿಡಿಯೊ ಊರೂರು ಸುತ್ತಿತು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿದ್ದಲ್ಲದೆ ಕೆಡವಿದ ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಿತು. ಹಂಪಿಯಲ್ಲಿ ಕಲ್ಲು ಎತ್ತುವುದು ಎಷ್ಟು ಕಷ್ಟವೆಂದು ತಿಳಿದ ಪ್ರವಾಸಿಗರು ಬಹುಶಃ ಅವರಷ್ಟೇ.

ಈಗಿನ ವ್ಯವಸ್ಥೆಗಳೆಲ್ಲ ಗಡಿಯಾರಕ್ಕೆ ಹೊಂದಿಕೊಂಡವು. ವಿಠ್ಠಲ ದೇವಾಲಯ ಮತ್ತು ಕಮಲ ಮಹಲಿಗೆ ಒಂದೇ ಟಿಕೆಟ್, ಅದೇ ದಿನದೊಳಗೆ ಬಳಸಬೇಕು. ಹಾಗಾಗಿ ಅಲ್ಲಿಂದ ಇಲ್ಲಿಗೆ ಓಟ. ಗೆಜ್ಜಲ ಮಂಟಪದಿಂದ ವಿಠ್ಠಲನ ಗುಡಿಯವರೆಗೆ ಬ್ಯಾಟರಿ ವಾಹನ. ಅದನ್ನು ಸ್ಥಳೀಯ ಹೆಣ್ಣುಮಕ್ಕಳು ಓಡಿಸುವುದು ಹಂಪಿಯ ಹೊಸ ಕಾಲದ ಒಳ್ಳೆಯ ಸಂಗತಿಗಳಲ್ಲೊಂದು. ಆ ಗುಡಿಯ ಸಪ್ತಸ್ವರದ ಕಂಬಗಳನ್ನು ಗೈಡ್‌ಗಳು ತಟ್ಟಿ ತೋರಿಸುತ್ತಿದ್ದ ಕಾಲ ಹೋಯಿತು, ರಥದ ತಿರುಗುತ್ತಿದ್ದ ಚಕ್ರಗಳೂ ಸಿಮೆಂಟಿನಲ್ಲಿ ಕೂತಿವೆ.

ಓಡುವ ಆಟೋ ದಾಟಿಹೋಗುವುದು ಏನೇನನ್ನು? ಹೊಸಪೇಟೆಯಿಂದ ಬರುವಾಗ ದಾರಿಯಲ್ಲೇ ಸಿಗುವ ಅನಂತಶಯನಗುಡಿಯನ್ನು. ಕೃಷ್ಣದೇವರಾಯ ಮಗನ ಹೆಸರಿನಲ್ಲಿ ಕಟ್ಟಿಸಿದ ಪುರದ ಗುಡಿ ಅದು. ಸುಮಾರು 24 ಮೀಟರ್ ಎತ್ತರದ ಅದರ ಕಮಾನು ಶಿಖರದಂಥದ್ದು ಹಂಪಿಯಲ್ಲಿ ಬೇರೆಲ್ಲೂ ಇಲ್ಲ. ಗರ್ಭಗುಡಿ ಖಾಲಿ. ಇಲ್ಲಿಗೆಂದು ಕಡೆದ ಅನಂತಶಯನ ಹೂವಿನಹಡಗಲಿ ಸೀಮೆಯ ಹೊಳಲಿನಲ್ಲೇ ಉಳಿದುಬಿಟ್ಟ ಎಂದು ಜನ ಕತೆ ಹೇಳುತ್ತಾರೆ. ಕಮಲಾಪುರದ ಪಟ್ಟಾಭಿರಾಮನ ಗುಡಿ ವಿಠ್ಠಲನ ಗುಡಿಗೆ ಸಾಟಿಯಾಗುವಷ್ಟು ವಿಸ್ತಾರ; ಹಳೆಯ ಬಂಗಲೆಯಿಂದ ನಡೆದೇ ಹೋಗಬಹುದು. ಮುಖ್ಯ ರಸ್ತೆ ಅತ್ತ ತಿರುಗುವುದಿಲ್ಲ ಎಂಬುದೇ ಅದರ ತಪ್ಪು. ಇನ್ನು ತುರ್ತಾ ಕಾಲುವೆ. ವಿಜಯನಗರದ ಅರಸರ ಕಾಲದ್ದು, ಇವತ್ತಿಗೂ ಬಾಳೆಗೆ, ಕಬ್ಬಿಗೆ, ಗದ್ದೆಗೆ ನೀರು ಹಾಯಿಸುತ್ತಿದೆ. ಹಾಳು ಹಂಪಿ ಎಂದು ಕರೆಯುವ ಊರಿನಲ್ಲಿ ಹಾಳಾಗದೆ ಉಳಿದ ದೊಡ್ಡ ಕೆಲಸ ಇದು. ಆದರೆ ಕಾಲುವೆಯ ಮುಂದೆ ನಿಂತು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಪಟ್ಟಿ ಮತ್ತೊಮ್ಮೆ ಅಲುಗಾಡಿದೆ, ಈ ಸಲ ಆಚೆ ದಡದಿಂದ. ಆಂಜನೇಯ ಹುಟ್ಟಿದ ಬೆಟ್ಟವೆಂದು ನಂಬುವ ಅಂಜನಾದ್ರಿಗೆ 575 ಮೆಟ್ಟಿಲು. ಶನಿವಾರವೆಂದರೆ ಹನುಮಪ್ಪನ ವಾರ, ಆಫೀಸಿಗೂ ರಜೆ. ಎರಡೂ ಒಂದೇ ದಿನಕ್ಕೆ ಕೂಡಿಬಂದು ಬೆಳಗಿನ ಜಾವದಿಂದಲೇ ಮೆಟ್ಟಿಲ ತುಂಬ ಜನ. ಬುಕ್ಕಸಾಗರ ಮತ್ತು ಕಡೆಬಾಗಿಲಿನ ನಡುವೆ ಸೇತುವೆಯಾದ ಮೇಲೆ ಹರಿಗೋಲಿಗೆ ಕಾಯಬೇಕಿಲ್ಲ, ಕಾರು ನೇರ ಹೋಗುತ್ತದೆ. ಹೊಳೆಯಾಚೆ ಎಂದು ಇನ್ನೂರು ವರ್ಷ ಬದಿಗಿಟ್ಟಿದ್ದ ದಡ ಈಗ ಹಲವರಿಗೆ ಮೊದಲ ನಿಲ್ದಾಣ. ಅಂಜನಾದ್ರಿ, ಪಂಪಾಸರೋವರ, ಆನೆಗುಂದಿ ಮುಗಿಸಿ ಒಗ್ಗರಣೆ ಮಿರ್ಚಿ ತಿಂದು ಈಚೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ರಜೆ ಮಾತ್ರ ಬೆಳೆದಿಲ್ಲ, ಅದು ಎರಡೇ ದಿನ. ಏನನ್ನಾದರೂ ಕೈಬಿಡಲೇಬೇಕು. ಮೊದಲು ಬಿಟ್ಟುಹೋಗುವುದು ಕಮಲಾಪುರದ ವಸ್ತುಸಂಗ್ರಹಾಲಯ, ಅಂಗಳದಲ್ಲಿ ಇಡೀ ಕಣಿವೆಯ ಮಾದರಿ ಇಟ್ಟುಕೊಂಡು ಕೂತಿರುವುದು. ಆಮೇಲೆ ಹಜಾರರಾಮನ ಗೋಡೆಯ ರಾಮಾಯಣ, ಅದನ್ನು ನೋಡಲು ನಿಂತು ಸುತ್ತು ಬರಬೇಕಲ್ಲ. ಕಲ್ಲಿನ ರಥವನ್ನಂತೂ ಯಾರೂ ಬಿಡುವುದಿಲ್ಲ; ಬ್ಯಾಟರಿ ವಾಹನದ ಸಾಲಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕಾದರೂ ಸರಿ.